ಮೂರು ದಿನ ಮುಚ್ಚಿದ್ದ ರಸ್ತೆ: ಹಾಂಗ್‌ಕಾಂಗ್, ಡಿಸೆಂಬರ್ 1941

ಎಡಗೈಯನ್ನು ಮುಷ್ಟಿ ಕಟ್ಟಿ, ಅಂಗೈ ಕೆಳಮುಖವಾಗಿರುವಂತೆ ಎದುರಿಗೆ ಚಾಚಿ. ಸಾಲಾಗಿ ಎದ್ದು ಕಾಣುವ ಗೆಣ್ಣುಗಳೇ ಹಾಂಗ್‌ಕಾಂಗ್ ದ್ವೀಪದ ನಡುಬೆನ್ನು ಅಂದುಕೊಳ್ಳಿ. ಬೆರಳು ಮಡಚಿದ ಕಡೆ ಉತ್ತರ. ಅಲ್ಲಿ ನಗರ, ಬಂದರು, ಆಚೆಗೆ ಕೌಲೂನ್ ದಡ. ನಿಮ್ಮ ಮಣಿಕಟ್ಟಿನ ಕಡೆ ದಕ್ಷಿಣ, ಅಂದರೆ ರಿಪಲ್ಸ್ ಬೇ, ಸ್ಟ್ಯಾನ್ಲಿ, ತೆರೆದ ಸಮುದ್ರ. ಉಂಗುರ ಬೆರಳಿನ ಗೆಣ್ಣು ಮೌಂಟ್ ನಿಕಲ್ಸನ್. ನಡುಬೆರಳಿನದು ಜಾರ್ಡೀನ್ಸ್ ಲುಕ್‌ಔಟ್, ತೋರುಬೆರಳಿನದು ಮೌಂಟ್ ಬಟ್ಲರ್. ಮೊದಲೆರಡು ಗುಡ್ಡಗಳೂ 430 ಮೀಟರಿನ ಆಸುಪಾಸಿನವು. ಉಂಗುರ ಬೆರಳಿಗೂ ನಡುಬೆರಳಿಗೂ ಮಧ್ಯೆ ಇರುವ ತಗ್ಗೇ ವಾಂಗ್ ನಾಯ್ ಚುಂಗ್ ಘಾಟಿ. ಹಳದಿ ಕೆಸರಿನ ತೊರೆ ಅಂತ ಆ ಹೆಸರಿನ ಅರ್ಥ.

ಇವತ್ತಿನ ಮಾತೆಲ್ಲ ಆ ತಗ್ಗಿನದೇ. 1941ರ ಡಿಸೆಂಬರ್ 19ರ ಬೆಳಗಿನಿಂದ 22ರ ಬೆಳಗಿನ ತನಕ ಅಲ್ಲಿ ಬ್ರಿಟಿಷ್ ಪಡೆಗೂ ಜಪಾನೀಯರಿಗೂ ನಡೆದ ಪದಾತಿ ಕಾಳಗ, ಆಗ ಬ್ರಿಟಿಷರ ವಸಾಹತಾಗಿದ್ದ ಇಡೀ ದ್ವೀಪದ ಹಣೆಬರಹ ತೀರ್ಮಾನಿಸಿತು. ವಿಚಿತ್ರ ಏನೆಂದರೆ, ಘಾಟಿಯ ಮೇಲಿನ ಹಿಡಿತ ಮೊದಲ ದಿನ ಮಧ್ಯಾಹ್ನದೊಳಗೇ ಜಾರಿಹೋಗಿತ್ತು. ಬ್ರಿಗೇಡಿಯರ್ ಸತ್ತಿದ್ದ, ಕೇಂದ್ರ ಕಚೇರಿ ಬಿದ್ದಿತ್ತು, ಸುತ್ತಲಿನ ಶಿಖರಗಳು ಜಪಾನೀಯರ ಕೈ ಸೇರಿದ್ದವು. ಆದರೂ ರಸ್ತೆ ಮಾತ್ರ ಇನ್ನೂ ಮೂರು ದಿನ ಅವರಿಗೆ ಸಿಗಲಿಲ್ಲ. ಗುಡ್ಡ ಹಿಡಿಯುವುದು ಬೇರೆ, ದಾರಿ ತೆರೆಯುವುದು ಬೇರೆ. ಶೌರ್ಯದ ಕಥೆ ಹೇಳುವವರು ಈ ವ್ಯತ್ಯಾಸವನ್ನು ಬಿಟ್ಟುಬಿಡುತ್ತಾರೆ, ಹಾಗಾಗಿ ಕಾಳಗವೇ ಅರ್ಥವಾಗುವುದಿಲ್ಲ.

ಮೊದಲು ಹಿನ್ನೆಲೆಯನ್ನು ಬೇಗ ಮುಗಿಸೋಣ. ಡಿಸೆಂಬರ್ 8ರ ಬೆಳಗ್ಗೆ ಜಪಾನಿನ 38ನೇ ಡಿವಿಷನ್ ಚೀನಾದ ಗಡಿ ದಾಟಿ ಹಾಂಗ್‌ಕಾಂಗಿನೊಳಗೆ ಬಂತು. ಅದೇ ಬೆಳಗ್ಗೆ ಕೈ ಟಾಕ್ ನಿಲ್ದಾಣದಲ್ಲಿದ್ದ ಐದು ಹಳೆಯ ಸೇನಾ ವಿಮಾನಗಳಲ್ಲಿ ಹೆಚ್ಚಿನವುಗಳ ಕತೆ ಮುಗಿಯಿತು. ಮುಖ್ಯಭೂಮಿಯ ರಕ್ಷಣಾ ಸಾಲಿನ ಕೀಲಿಯಂತಿದ್ದ ಶಿಂಗ್ ಮುನ್ ಕೋಟೆ 9ರ ರಾತ್ರಿ ಹೋಯಿತು. ಜಪಾನೀ ಸೈನಿಕರು ಮೇಲೆ ಹತ್ತಿ, ಗಾಳಿಗೆಂದು ಬಿಟ್ಟಿದ್ದ ಕೊಳವೆಗಳೊಳಗೆ ಗ್ರೆನೇಡ್ ಇಳಿಸಿದರು. ಕಾಂಕ್ರೀಟ್ ಗೋಡೆ ಎಷ್ಟು ದಪ್ಪ ಇದ್ದರೇನು, ಒಳಗಿನವರು ಉಸಿರಾಡಲೇಬೇಕಲ್ಲ. 13ರ ಹೊತ್ತಿಗೆ ಮುಖ್ಯಭೂಮಿ ಖಾಲಿಯಾಯಿತು. ಕಡೆಯದಾಗಿ ಡೆವಿಲ್ಸ್ ಪೀಕ್ ಗುಡ್ಡದಿಂದ ಹಿಂದೆ ಸರಿದವರು 7ನೇ ರಜಪೂತ್ ರೆಜಿಮೆಂಟಿನ 5ನೇ ಬೆಟಾಲಿಯನ್ನಿನವರು. 13ರಂದು ಮತ್ತು 17ರಂದು ಜಪಾನ್ ಶರಣಾಗಲು ಹೇಳಿಕಳಿಸಿತು. ಗವರ್ನರ್ ಸರ್ ಮಾರ್ಕ್ ಯಂಗ್ ಎರಡು ಸಲವೂ ಒಪ್ಪಲಿಲ್ಲ.

ಉಳಿದದ್ದು ಸುಮಾರು 80 ಚದರ ಕಿಲೋಮೀಟರಿನ ದ್ವೀಪ. ರಕ್ಷಣೆಯ ಹೊಣೆ ಮೇಜರ್ ಜನರಲ್ ಕ್ರಿಸ್ಟೋಫರ್ ಮಾಲ್ಟ್‌ಬಿಯದು. ಭಾರತೀಯ ಸೇನೆಯಲ್ಲೇ ಬೆಳೆದ ಅಧಿಕಾರಿ. ಹಲವು ಪ್ಲಟೂನು ಸೇರಿದರೆ ಕಂಪನಿ, ಹಲವು ಕಂಪನಿ ಸೇರಿದರೆ ಬೆಟಾಲಿಯನ್, ಹಲವು ಬೆಟಾಲಿಯನ್ ಸೇರಿದರೆ ಬ್ರಿಗೇಡ್. ಮಾಲ್ಟ್‌ಬಿಯ ಕೈಯಲ್ಲಿದ್ದ ಆರು ಬೆಟಾಲಿಯನ್ನುಗಳಲ್ಲಿ ಎರಡು ಭಾರತದವು: ಈಗ ಹೇಳಿದ ರಜಪೂತರು, ಮತ್ತು 14ನೇ ಪಂಜಾಬ್ ರೆಜಿಮೆಂಟಿನ 2ನೇ ಬೆಟಾಲಿಯನ್. ಎರಡು ಬ್ರಿಟನ್ನಿನವು, ರಾಯಲ್ ಸ್ಕಾಟ್ಸ್ ಮತ್ತು ಮಿಡ್ಲ್‌ಸೆಕ್ಸ್. ಎರಡು ಕೆನಡಾದವು, ವಿನ್ನಿಪೆಗ್ ಗ್ರೆನೇಡಿಯರ್ಸ್ ಮತ್ತು ರಾಯಲ್ ರೈಫಲ್ಸ್. ಇವರ ಜೊತೆಗೆ ಊರಿನ ಸ್ವಯಂಸೇವಕ ಪಡೆ. ಫಿರಂಗಿಗಳ ಹಿಂದೆ ನಿಂತವರಲ್ಲಿ ಬಹುಪಾಲು ಹಾಂಗ್‌ಕಾಂಗ್-ಸಿಂಗಪುರ ರಾಯಲ್ ಆರ್ಟಿಲರಿಯ ಸಿಖ್ಖರು, ಪಂಜಾಬಿ ಮುಸ್ಲಿಮರು.

ಕೆನಡಾದವರು ಬಂದಿಳಿದದ್ದು ನವೆಂಬರ್ 16ಕ್ಕೆ, ಯುದ್ಧಕ್ಕೆ ಮೂರು ವಾರ ಮುಂಚೆ. 1,975 ಜನ. ಅವರ 212 ವಾಹನಗಳು ಬೇರೆ ಹಡಗಿನಲ್ಲಿ ಹೊರಟು ಹಾಂಗ್‌ಕಾಂಗ್ ತಲುಪಲೇ ಇಲ್ಲ, ಫಿಲಿಪೀನ್ಸಿನಲ್ಲೇ ಉಳಿದವು. ಇದನ್ನು ನೆನಪಿನಲ್ಲಿ ಇಟ್ಟುಕೊಳ್ಳಿ. ಕಡಿದಾದ ಗುಡ್ಡಗಳ ದ್ವೀಪದಲ್ಲಿ ಲಾರಿ ಇಲ್ಲದ ಬೆಟಾಲಿಯನ್ ಅಂದರೆ, ಮದ್ದುಗುಂಡಿನ ಪೆಟ್ಟಿಗೆ, ನೀರಿನ ಡಬ್ಬ, ಗಾಯಾಳು, ಎಲ್ಲವೂ ಹೆಗಲ ಮೇಲೆ. ಗುಂಡನ್ನು ಮೇಲಕ್ಕೆಸೆದು ದೂರದಲ್ಲಿ ಬೀಳಿಸುವ ಗಿಡ್ಡ ಕೊಳವೆಗಳಾದ ಮಾರ್ಟರ್‌ಗಳದ್ದೂ ಇದೇ ಪಾಡು. 3 ಇಂಚಿನ ಮಾರ್ಟರಿಗೆ ಗುಂಡು ಬಂದದ್ದು ನವೆಂಬರಿನಲ್ಲಿ, ಅದೂ ಬೆಟಾಲಿಯನ್ನಿಗೆ 70ರ ಲೆಕ್ಕದಲ್ಲಿ. ಅಭ್ಯಾಸಕ್ಕೂ ಯುದ್ಧಕ್ಕೂ ಸೇರಿ ಅಷ್ಟೇ. ಪಳಗಿದ ತಂಡ ಒಂದು ಕೊಳವೆಯಿಂದ ನಿಮಿಷಕ್ಕೆ ಹತ್ತು ಗುಂಡು ಸಲೀಸಾಗಿ ಹಾರಿಸುತ್ತದೆ. ಎಷ್ಟು ಹೊತ್ತಿಗೆ ಖಾಲಿ ಎನ್ನುವುದನ್ನು ನೀವೇ ಲೆಕ್ಕ ಹಾಕಿ.

ಎದುರಾಳಿಯ ಕೈಯಲ್ಲಿ ಏನಿತ್ತು? ಜಪಾನೀ ಪದಾತಿ ಪ್ಲಟೂನು ತನ್ನ ಮಾರ್ಟರನ್ನು ತಾನೇ ಹೊತ್ತು ತರುತ್ತಿತ್ತು. ಅದು 89ನೇ ಮಾದರಿಯ 50 ಮಿಲಿಮೀಟರ್ ಗ್ರೆನೇಡ್ ಕೊಳವೆ. ತೂಕ ಐದು ಕೆಜಿಗಿಂತ ಕಡಿಮೆ, ಹಾರುವ ದೂರ 600 ಮೀಟರಿಗೂ ಮೇಲೆ. ಎದುರಾಳಿಗಳು ಅದನ್ನು ಮೊಣಕಾಲು ಮಾರ್ಟರ್ ಅಂತ ಕರೆದರು. ಹೆಸರು ನಂಬಿ ತೊಡೆಯ ಮೇಲಿಟ್ಟು ಹಾರಿಸಿದವರ ಮೂಳೆ ಮುರಿಯುತ್ತಿತ್ತು. ಅದರ ಬಾಗಿದ ತಳವನ್ನು ನೆಲಕ್ಕೋ ಮರದ ಬೊಡ್ಡೆಗೋ ಊರಬೇಕು. ಗುಡ್ಡದ ತಿರುವಿನ ಆಚೆ, ಕಣ್ಣಿಗೆ ಕಾಣದ ಜಾಗಕ್ಕೆ ಗುಂಡು ಎಸೆಯಲು ಇಂಥ ಸಾಧನ ಮತ್ತೊಂದಿಲ್ಲ. ಬ್ರಿಟಿಷ್ ಕಡೆಯವರು ಹಿಂದಿನ ಫಿರಂಗಿಗೆ ಫೋನ್ ಮಾಡಿ, ನಕ್ಷೆಯ ಅಂಕಿ ಹೇಳಿ, ತಂತಿ ತುಂಡಾಗದಿದ್ದರೆ ಉತ್ತರ ಪಡೆಯುವಷ್ಟರಲ್ಲಿ ಜಪಾನೀ ಸಾರ್ಜೆಂಟ್ ನಾಲ್ಕು ಗುಂಡು ಹಾಕಿ ಜಾಗ ಬದಲಿಸಿರುತ್ತಿದ್ದ.

ಮಾಲ್ಟ್‌ಬಿ ದ್ವೀಪವನ್ನು ಎರಡು ಬ್ರಿಗೇಡುಗಳಿಗೆ ಹಂಚಿದ. ಪೂರ್ವ ಬ್ರಿಗೇಡ್ ಬ್ರಿಗೇಡಿಯರ್ ವಾಲಿಸ್‌ನದು, ಕಚೇರಿ ತಾಯ್ ಟಾಮ್ ಘಾಟಿಯಲ್ಲಿ. ಪಶ್ಚಿಮ ಬ್ರಿಗೇಡ್ ಕೆನಡಾದ ಬ್ರಿಗೇಡಿಯರ್ ಜಾನ್ ಲಾಸನ್‌ನದು, ಕಚೇರಿ ನಮ್ಮ ವಾಂಗ್ ನಾಯ್ ಚುಂಗ್ ಘಾಟಿಯಲ್ಲಿ. ಎರಡೂ ಬ್ರಿಗೇಡುಗಳ ಗಡಿ ಹಾದುಹೋಗಿದ್ದು ಇದೇ ಘಾಟಿಯ ಪಕ್ಕದಲ್ಲಿ. ಇದು ಮೊದಲ ತಪ್ಪು. ಎರಡು ತಂಡಗಳ ಗಡಿ ಯಾವಾಗಲೂ ಅತ್ಯಂತ ದುರ್ಬಲ ಜಾಗ. ಅಲ್ಲಿ ಗುಂಡಿನ ಸದ್ದು ಕೇಳಿದರೆ ಅದು ಪಕ್ಕದವರದ್ದು ಅಂತ ಇಬ್ಬರೂ ಅಂದುಕೊಳ್ಳುತ್ತಾರೆ. ಆ ಗಡಿಯನ್ನು ದ್ವೀಪದ ಅತಿ ಮುಖ್ಯ ಕೂಡುದಾರಿಯ ಹತ್ತಿರ ಎಳೆಯಬಾರದಿತ್ತು.

ಎರಡನೇ ತಪ್ಪು ಹಳೆಯದು. ದ್ವೀಪದ ರಕ್ಷಣೆಯನ್ನು ವರ್ಷಗಟ್ಟಲೆ ಯೋಚಿಸಿದ್ದೇ ಸಮುದ್ರದ ಕಡೆ ಮುಖ ಮಾಡಿ. ದೊಡ್ಡ ಫಿರಂಗಿಗಳು, ಕಡಲಂಚಿನ ಪಿಲ್‌ಬಾಕ್ಸುಗಳು (ಕಿಂಡಿಯಿಂದ ಗುಂಡು ಹಾರಿಸುವ ಕಾಂಕ್ರೀಟ್ ಗೂಡುಗಳು), ತಂತಿಬೇಲಿ, ಎಲ್ಲ ಕಡಲಿನಿಂದ ಬರುವವರಿಗೆ. ಹಾಗಾಗಿ ಸೈನಿಕರಲ್ಲಿ ಹೆಚ್ಚಿನವರು ತೆಳ್ಳಗೆ ಕರಾವಳಿಯುದ್ದಕ್ಕೂ ಹರಡಿಕೊಂಡಿದ್ದರು. ಮಧ್ಯದ ಗುಡ್ಡಗಳಲ್ಲಿ ಇದ್ದವರು ಕೆಲವೇ ಪ್ಲಟೂನುಗಳು. ಹೊರಗೋಡೆ ಒಂದು ಕಡೆ ಕುಸಿದರೆ ಒಳಗೆ ತಡೆಯಲು ಏನೂ ಇರಲಿಲ್ಲ.

ಹೊರಗೋಡೆ ಕುಸಿದದ್ದು 18ರ ರಾತ್ರಿ 8 ಗಂಟೆಯ ಹೊತ್ತಿಗೆ. ಈಶಾನ್ಯ ಕರಾವಳಿಯ ಎದುರು ಸಮುದ್ರ ಕಿರಿದು. ಲೇ ಯೂ ಮುನ್‌ನಲ್ಲಿ ಅರ್ಧ ಕಿಲೋಮೀಟರೂ ಇಲ್ಲ. ಅಲ್ಲಿ ಕಾವಲಿದ್ದವರು ರಜಪೂತರು. ಕೆಲವು ದಿನಗಳಿಂದ ಆ ದಡದ ಮೇಲೆ ಫಿರಂಗಿ, ವಿಮಾನ ಎರಡರ ಸುರಿಮಳೆ ನಡೆದಿತ್ತು. ಪಿಲ್‌ಬಾಕ್ಸುಗಳು ಒಂದೊಂದಾಗಿ ಒಡೆದಿದ್ದವು. ನಾರ್ತ್ ಪಾಯಿಂಟಿನ ಎಣ್ಣೆ ಟ್ಯಾಂಕುಗಳಿಗೆ ಬೆಂಕಿ ಬಿದ್ದು ಕಪ್ಪು ಹೊಗೆ ದಡದುದ್ದಕ್ಕೂ ಕವಿದಿತ್ತು. ಸರ್ಚ್‌ಲೈಟು ಹಾಯದಷ್ಟು ದಟ್ಟ. ಮೂರು ರೆಜಿಮೆಂಟುಗಳಿಂದ ಎರಡೆರಡರಂತೆ ಆರು ಬೆಟಾಲಿಯನ್ ಜಪಾನೀಯರು ದೋಣಿಗಳಲ್ಲಿ ದಾಟಿದರು: ಶೋಜಿಯ 230ನೇ ರೆಜಿಮೆಂಟ್ ನಾರ್ತ್ ಪಾಯಿಂಟಿಗೆ, ದೋಯ್‌ನ 228ನೇದು ಅದರ ಪೂರ್ವಕ್ಕೆ, ತನಾಕಾನ 229ನೇದು ಇನ್ನೂ ಪೂರ್ವಕ್ಕೆ, ಶಾವ್ ಕೀ ವಾನ್ ಕಡೆ.

ರಜಪೂತರು ಆ ರಾತ್ರಿ ಸುಮ್ಮನೆ ಸರಿದವರಲ್ಲ. ಹಾಂಗ್‌ಕಾಂಗ್ ಕದನದಲ್ಲಿ ಅತಿ ಹೆಚ್ಚು ಪೆಟ್ಟು ತಿಂದ ಬೆಟಾಲಿಯನ್ನುಗಳ ಸಾಲಿನಲ್ಲಿ ಅವರು ಮುಂದಿದ್ದಾರೆ. ಬ್ರಿಟಿಷ್ ಅಧಿಕಾರಿಗಳೂ ಹಿರಿಯ ಭಾರತೀಯ ಅಧಿಕಾರಿಗಳೂ ಬಹುತೇಕ ಎಲ್ಲ ಸತ್ತರು ಅಥವಾ ಗಾಯಗೊಂಡರು. ಕೆನಡಾದಲ್ಲಿ ಈ ಯುದ್ಧದ ಬಗ್ಗೆ ಕಪಾಟು ತುಂಬುವಷ್ಟು ಬರಹವಿದೆ. ನಮ್ಮಲ್ಲಿ ರಜಪೂತರ ಆ ರಾತ್ರಿಯ ಬಗ್ಗೆ ನಾಲ್ಕು ಸಾಲು ಹುಡುಕುವುದೂ ಕಷ್ಟ. ಅವರ ಹೋರಾಟಕ್ಕೆ ಕಾಂಕ್ರೀಟಿನ ಆಸರೆ ಇರಲಿಲ್ಲ, ಆಮೇಲೆ ಹೇಳಲು ಉಳಿದವರೂ ಕಡಿಮೆ. ನಾರ್ತ್ ಪಾಯಿಂಟಿನ ವಿದ್ಯುತ್ ಸ್ಥಾವರದಲ್ಲಂತೂ 55 ದಾಟಿದ ಸ್ವಯಂಸೇವಕರ ತಂಡವೊಂದು ಮರುದಿನ ಮಧ್ಯಾಹ್ನದವರೆಗೆ ಕಾದಾಡಿತು. 70 ಮೀರಿದವರೂ ಅದರಲ್ಲಿದ್ದರು.

ಇಳಿದ ಜಪಾನೀಯರು ದಡದಲ್ಲಿ ಕೂರಲಿಲ್ಲ. ಇದು ಅವರ ಯುದ್ಧಕಲೆಯ ತಿರುಳು. ಎದುರಿಗೆ ಪಿಲ್‌ಬಾಕ್ಸ್ ಸಿಕ್ಕರೆ ಅದನ್ನು ಕಟ್ಟಿಹಾಕಲು ಒಂದಷ್ಟು ಜನರನ್ನು ಬಿಟ್ಟು ಉಳಿದವರು ಪಕ್ಕದಿಂದ ಮೇಲೆ ಹತ್ತುವುದು, ರಾತ್ರಿ ಮುಗಿಯುವ ಮೊದಲು ಎತ್ತರ ಹಿಡಿಯುವುದು. ಹಾಂಗ್‌ಕಾಂಗಿನ ಗುಡ್ಡಗಳಲ್ಲಿ ಇದಕ್ಕೆ ಹೇಳಿಮಾಡಿಸಿದ ದಾರಿಗಳಿದ್ದವು. ಒಂದು, ಸರ್ ಸೆಸಿಲ್ಸ್ ರೈಡ್ ಎಂಬ ಕುದುರೆ ಸವಾರಿಯ ಹಾದಿ. ಗುಡ್ಡದ ಉತ್ತರ ಮೈಯನ್ನು ಬಳಸಿಕೊಂಡು ಅದು ನೇರ ಘಾಟಿಗೆ ಬರುತ್ತದೆ. ಎರಡು, ಮಳೆನೀರನ್ನು ಜಲಾಶಯಕ್ಕೆ ಒಯ್ಯುವ ಕಾಂಕ್ರೀಟ್ ಕಾಲುವೆಗಳು. ಅವು ಗುಡ್ಡದ ಸುತ್ತ ಒಂದೇ ಮಟ್ಟದಲ್ಲಿ ಹರಿಯುತ್ತವೆ, ಪಕ್ಕದಲ್ಲಿ ಕಾಲುದಾರಿ ಇರುತ್ತದೆ. ಕತ್ತಲಲ್ಲಿ ದಾರಿ ತಪ್ಪುವ ಮಾತೇ ಇಲ್ಲ, ಏರಿಳಿತವೂ ಇಲ್ಲ. ರಬ್ಬರ್ ಅಟ್ಟೆಯ ಬಟ್ಟೆ ಬೂಟು ತೊಟ್ಟ ಸೈನಿಕರು ಹೀಗೆ ಸದ್ದಿಲ್ಲದೆ ಸಾಗಿದರು.

ಮಾಲ್ಟ್‌ಬಿಯ ಕಚೇರಿ ಆ ರಾತ್ರಿ ಇಳಿದವರ ಸಂಖ್ಯೆಯನ್ನು ತೀರ ಕಡಿಮೆ ಅಂದಾಜು ಮಾಡಿತು. ಆಮೇಲಿನ ಎಡವಟ್ಟುಗಳಿಗೆಲ್ಲ ಬೇರು ಇದೇ. ಲಾಸನ್ ಕತ್ತಲಲ್ಲೇ ತನ್ನ ಬಳಿಯಿದ್ದ ಪ್ಲಟೂನುಗಳನ್ನು ಜಾರ್ಡೀನ್ಸ್ ಲುಕ್‌ಔಟ್, ಮೌಂಟ್ ಬಟ್ಲರ್ ಶಿಖರಗಳಿಗೆ ಓಡಿಸಿದ. ಒಂದೊಂದರಲ್ಲಿ ಮೂವತ್ತು ನಲವತ್ತು ಜನ. ಬೆಳಕು ಹರಿದಾಗ ಅವರೆದುರು ಇದ್ದದ್ದು ಬೆಟಾಲಿಯನ್ನುಗಳು. ಆ ಪ್ಲಟೂನುಗಳ ನಾಯಕರಾದ ಲೆಫ್ಟಿನೆಂಟ್ ಬರ್ಕೆಟ್, ಲೆಫ್ಟಿನೆಂಟ್ ಫ್ರೆಂಚ್ ಇಬ್ಬರೂ ಅಲ್ಲೇ ಸತ್ತರು.

ಜಾರ್ಡೀನ್ಸ್ ಲುಕ್‌ಔಟಿನ ಇಳಿಜಾರಿನಲ್ಲಿ ಎರಡು ಪಿಲ್‌ಬಾಕ್ಸುಗಳಿದ್ದವು. ಅವನ್ನು ಹಿಡಿದವರು ಸ್ವಯಂಸೇವಕ ಪಡೆಯ 3ನೇ ಕಂಪನಿಯವರು, ಯುರೇಷಿಯನ್ ಮನೆತನಗಳ ಹುಡುಗರು, ಬಹುತೇಕ ಅದೇ ಊರಲ್ಲಿ ಹುಟ್ಟಿದವರು. ಅವರ ಮಶೀನ್ ಗನ್ನುಗಳು ಬೆಳಗಿನಲ್ಲಿ ಕಾಲುವೆಯ ಹಾದಿ, ಕುದುರೆ ಹಾದಿಗಳ ಮೇಲೆ ಗುಂಪಾಗಿ ಬರುತ್ತಿದ್ದವರನ್ನು ಕೊಯ್ದುಹಾಕಿದವು. ಆದರೆ ಪಿಲ್‌ಬಾಕ್ಸಿಗೆ ಕಣ್ಣು ಕಿಂಡಿಯ ಎದುರಿಗೆ ಮಾತ್ರ. ಪಕ್ಕ, ಹಿಂಭಾಗ, ಚಾವಣಿ ಕುರುಡು. ಆ ಕುರುಡನ್ನು ಹೊರಗಿನ ಕಂದಕದಲ್ಲಿ ಕೂತ ಪದಾತಿಗಳು ಕಾಯಬೇಕು. ಹೊರಗಿನವರು ಬಿದ್ದ ಮೇಲೆ ಪಿಲ್‌ಬಾಕ್ಸಿನ ಆಯಸ್ಸು ಗಂಟೆಗಳ ಲೆಕ್ಕ. ಆದರೂ ಅವರು ಹಗಲಿನ ಬಹುಪಾಲು ಹಿಡಿದುಕೊಂಡರು. ಕಂಪನಿಯಲ್ಲಿ ಉಳಿದವರು ಕೆಲವರೇ.

ಅದೇ ಬೆಳಗ್ಗೆ ಗ್ರೆನೇಡಿಯರ್ಸ್‌ನ 'ಎ' ಕಂಪನಿ ಮೌಂಟ್ ಬಟ್ಲರ್ ಹತ್ತಿತು. ಕಂಪನಿ ಸಾರ್ಜೆಂಟ್ ಮೇಜರ್ ಜಾನ್ ಆಸ್ಬರ್ನ್ ಒಂದಷ್ಟು ಜನರನ್ನು ಕಟ್ಟಿಕೊಂಡು ಬಯೋನೆಟ್ ಹಿಡಿದು ಶಿಖರ ಕಸಿದುಕೊಂಡ, ಮೂರು ಗಂಟೆ ಉಳಿಸಿಕೊಂಡ. ಒತ್ತಡ ತಡೆಯಲಾಗದೆ ಇಳಿದಾಗ ಕಂಪನಿಯನ್ನು ಶತ್ರು ಸುತ್ತುವರಿದ. ಗ್ರೆನೇಡುಗಳು ಬೀಳತೊಡಗಿದವು. ಜಪಾನೀ ಪದಾತಿಯ 97ನೇ ಮಾದರಿಯ ಗ್ರೆನೇಡಿನ ಪಿನ್ ತೆಗೆದು, ತಲೆಯನ್ನು ಹೆಲ್ಮೆಟ್ಟಿಗೋ ಕಲ್ಲಿಗೋ ಕುಟ್ಟಿ ಎಸೆಯಬೇಕು. ಸಿಡಿಯಲು ನಾಲ್ಕೈದು ಸೆಕೆಂಡು ಬೇಕು. ಹತ್ತಿರದಿಂದ ಎಸೆದರೆ ಬಿದ್ದ ಮೇಲೂ ಎರಡು ಮೂರು ಸೆಕೆಂಡು ಉಳಿದಿರುತ್ತದೆ. ಆಸ್ಬರ್ನ್ ಹಲವನ್ನು ಎತ್ತಿ ವಾಪಸ್ ಎಸೆಯುತ್ತ ಬಂದದ್ದು ಈ ಎರಡು ಮೂರು ಸೆಕೆಂಡಿನೊಳಗೆ. ಕೊನೆಗೊಂದು ಕೈಗೆ ಸಿಗದ ಜಾಗದಲ್ಲಿ ಬಿತ್ತು. ಕೂಗಿ ಎಚ್ಚರಿಸಿ ಅದರ ಮೇಲೆ ತಾನೇ ಬಿದ್ದ. ಯುದ್ಧ ಮುಗಿದು ಸೆರೆಯಾಳುಗಳು ಹೊರಬಂದ ಮೇಲಷ್ಟೇ ಇದು ಹೊರಜಗತ್ತಿಗೆ ತಿಳಿಯಿತು. 1946ರಲ್ಲಿ ಬ್ರಿಟನ್ನಿನ ಅತ್ಯುನ್ನತ ಶೌರ್ಯ ಪದಕವಾದ ವಿಕ್ಟೋರಿಯಾ ಕ್ರಾಸ್ ಬಂತು. ಘಟನೆಯ ದಿನ ಲೆಕ್ಕ ಹಿಡಿದರೆ ಆ ಯುದ್ಧದಲ್ಲಿ ಕೆನಡಾ ಸೇನೆಯ ಮೊದಲ ವಿಕ್ಟೋರಿಯಾ ಕ್ರಾಸ್ ಅದು.

ಈಗ ಘಾಟಿಗೆ ಇಳಿಯೋಣ. ಉತ್ತರಕ್ಕೆ ಹ್ಯಾಪಿ ವ್ಯಾಲಿಯಿಂದ ಬರುವ ರಸ್ತೆ, ದಕ್ಷಿಣಕ್ಕೆ ರಿಪಲ್ಸ್ ಬೇ ಮತ್ತು ಡೀಪ್ ವಾಟರ್ ಬೇ ಕಡೆ ಇಳಿಯುವ ರಸ್ತೆ, ಪೂರ್ವಕ್ಕೆ ತಾಯ್ ಟಾಮ್ ಜಲಾಶಯದ ರಸ್ತೆ, ಪಶ್ಚಿಮಕ್ಕೆ ಮೌಂಟ್ ನಿಕಲ್ಸನ್ ಬಳಸಿ ಹೋಗುವ ಬ್ಲ್ಯಾಕ್ಸ್ ಲಿಂಕ್, ಎಲ್ಲ ಇಲ್ಲೇ ಕೂಡುತ್ತವೆ. ದ್ವೀಪದ ನಡುವೆ ಉತ್ತರ ದಕ್ಷಿಣಗಳನ್ನು ಜೋಡಿಸುವ ಮೋಟಾರು ರಸ್ತೆ ಇದೇ. ಕೂಡುದಾರಿಯ ಬಳಿ ದಿಬ್ಬದ ಮೇಲೆ ಪೊಲೀಸ್ ಠಾಣೆ. ರಸ್ತೆಯ ಒಂದು ಬದಿ ಲಾಸನ್‌ನ ಕಚೇರಿಯ ಕಾಂಕ್ರೀಟ್ ಕೋಣೆಗಳು, ಆಚೆ ಬದಿ ಗ್ರೆನೇಡಿಯರ್ಸ್‌ನ 'ಡಿ' ಕಂಪನಿಯ ಕೋಣೆಗಳು. ಇವು ಯಾವುವೂ ಕಾಳಗಕ್ಕೆ ಕಟ್ಟಿದವಲ್ಲ. ಶೆಲ್ ಚೂರುಗಳಿಂದ ತಲೆ ಉಳಿಸಿಕೊಳ್ಳಲು ಕಟ್ಟಿದ ಆಸರೆಗಳು. ಕಿಟಕಿಗೆ ಉಕ್ಕಿನ ಮುಚ್ಚಳ, ಅಷ್ಟೇ.

19ರ ಬೆಳಗ್ಗೆ ಸುಮಾರು 7ಕ್ಕೆ ಶೋಜಿಯ ಮುಂದಿನ ತುಕಡಿಗಳು ಘಾಟಿಗೆ ಮುಟ್ಟಿದವು. ಪೊಲೀಸ್ ದಿಬ್ಬ ಹೋಯಿತು. ಎದುರಿನ ಎತ್ತರದಿಂದ ಲಾಸನ್‌ನ ಕಚೇರಿಯ ಬಾಗಿಲಿಗೇ ನೇರ ಗುಂಡು. ರಾಯಲ್ ಸ್ಕಾಟ್ಸ್‌ನ ಒಂದು ಕಂಪನಿಯನ್ನು ನೆರವಿಗೆ ಕಳಿಸಿದರು, ಅದರಲ್ಲಿ ಕಚೇರಿ ತಲುಪಿದವರು ಬೆರಳೆಣಿಕೆಯಷ್ಟು. 10 ಗಂಟೆಯ ಹೊತ್ತಿಗೆ ಲಾಸನ್, ಶತ್ರು ಬಾಗಿಲಿಗೆ ಬಂದಿದ್ದಾನೆ, ಹೊರಗೆ ಹೋಗಿ ಕಾದಾಡುತ್ತೇನೆ ಎಂದು ತಿಳಿಸಿ, ಫೋನುಗಳನ್ನು ಒಡೆದು ಹೊರಬಂದ. ಬಾಗಿಲ ಹತ್ತಿರವೇ ಬಿದ್ದ. ಆ ಯುದ್ಧದಲ್ಲಿ ರಣರಂಗದಲ್ಲೇ ಸತ್ತ ಕೆನಡಾದ ಅತಿ ಹಿರಿಯ ಅಧಿಕಾರಿ ಅವನು. ಶೋಜಿ ಅವನನ್ನು ಗೌರವದಿಂದ ಮಣ್ಣು ಮಾಡಿಸಿದ. ಅದೇ ದಿನಗಳಲ್ಲಿ ಇದೇ ಗುಡ್ಡಗಳಲ್ಲಿ ಸೆರೆಯಾದವರನ್ನೂ ಗಾಯಾಳುಗಳನ್ನೂ ಕಟ್ಟಿಹಾಕಿ ಕೊಂದದ್ದೂ ನಿಜ. ಒಂದನ್ನು ಹೇಳಿ ಇನ್ನೊಂದನ್ನು ಬಿಡುವಂತಿಲ್ಲ.

ಹಾಗಾದರೆ ಲಾಸನ್‌ನ ಕೋಣೆಗಳು ಬೆಳಗಿನೊಳಗೆ ಬಿದ್ದು, ರಸ್ತೆಯ ಆಚೆ 'ಡಿ' ಕಂಪನಿಯ ಕೋಣೆಗಳು ಮೂರು ದಿನ ನಿಂತದ್ದು ಹೇಗೆ? ಲಾಸನ್‌ನ ಬಳಿ ಇದ್ದವರು ಗುಮಾಸ್ತರು, ಸಿಗ್ನಲ್‌ನವರು, ಚಾಲಕರು. 'ಡಿ' ಕಂಪನಿಯಲ್ಲಿ ರೈಫಲ್, ಬ್ರೆನ್ ಎಂಬ ಹಗುರ ಮಶೀನ್ ಗನ್ ಹಿಡಿದ ಪದಾತಿಗಳು. ಅವರ ಕೋಣೆಗಳು ರಸ್ತೆಗೇ ಒತ್ತಿಕೊಂಡಿದ್ದವು. ರಸ್ತೆಯ ಮೇಲೆ ಕಾಲಿಟ್ಟವನು ಅವರ ಗುಂಡಿಗೆ ಎದುರಾಗಲೇಬೇಕು. ಗುಡ್ಡದ ತುದಿಯಲ್ಲಿ ಎಷ್ಟೇ ಜಪಾನೀಯರು ಇದ್ದರೂ ಗಾಡಿ, ಫಿರಂಗಿ, ಮದ್ದು, ಅಕ್ಕಿ ಬರಬೇಕಾದ್ದು ಆ ಕಿಟಕಿಗಳ ಮುಂದೆಯೇ. ಕಂಪನಿಯ ನಾಯಕ ಕ್ಯಾಪ್ಟನ್ ಬೋಮನ್ ಮೊದಲ ದಿನವೇ ಪ್ರತಿದಾಳಿಯಲ್ಲಿ ಸತ್ತ. ಮುಂದೆ ನಡೆಸಿದವನು ಕ್ಯಾಪ್ಟನ್ ಫಿಲಿಪ್, ತಾನೇ ಗಾಯಗೊಂಡು ಒಂದು ಕಣ್ಣು ಕಳೆದುಕೊಂಡವನು.

ಕಾಂಕ್ರೀಟಿನೊಳಗೆ ಸಿಕ್ಕಿಕೊಂಡವರಿಗೆ ಮೊದಲು ಖಾಲಿಯಾಗುವುದು ಗುಂಡು. ಬ್ರೆನ್ ಗನ್ನಿನ ಮ್ಯಾಗಜಿನ್ನಿಗೆ 30 ಗುಂಡು, ನಿಮಿಷಕ್ಕೆ 500ರ ವೇಗ. ಟ್ರಿಗರ್ ಒತ್ತಿ ಹಿಡಿದರೆ ನಾಲ್ಕು ಸೆಕೆಂಡೊಳಗೆ ಬರಿದು. ಹಾಗಾಗಿ ಮೂರು ನಾಲ್ಕರ ತುಂತುರಿನಲ್ಲಿ ಹಾರಿಸುವ ಶಿಸ್ತು ಬೇಕು, ರಾತ್ರಿ ಸಪ್ಪಳಕ್ಕೆಲ್ಲ ಹಾರಿಸದಿರುವ ಶಿಸ್ತು ಅದಕ್ಕಿಂತ ಹೆಚ್ಚು ಬೇಕು. ನೀರು ಎರಡನೆಯದು. ಸೈನಿಕನ ಸೊಂಟದ ಬಾಟಲಿಯಲ್ಲಿ ಹಿಡಿಯುವುದು ಸುಮಾರು ಒಂದು ಲೀಟರು. ಗಾಯಗೊಂಡವನಿಗೆ ರಕ್ತ ಹೋದಷ್ಟೂ ಬಾಯಾರಿಕೆ, ಕೊಡಲು ನೀರಿಲ್ಲ. ಕೆಲವೇ ಹೆಜ್ಜೆ ಆಚೆ ವಾಂಗ್ ನಾಯ್ ಚುಂಗ್ ಜಲಾಶಯ ಇತ್ತು, ಹೋಗುವ ಹಾದಿ ಇರಲಿಲ್ಲ. ಮೂರನೆಯದು ಜಾಗದ ಕೊರತೆ. ಸತ್ತವರನ್ನು ಹೊರಗೆ ಹಾಕಬಹುದು. ಗಾಯಾಳುಗಳನ್ನು ಒಳಗೇ ಮಲಗಿಸಬೇಕು. ಒಬ್ಬೊಬ್ಬ ಗಾಯಗೊಂಡಾಗಲೂ ಕಿಟಕಿಗೆ ಒಬ್ಬ ಕಡಿಮೆ, ನೆಲದ ಮೇಲೆ ಒಬ್ಬ ಹೆಚ್ಚು.

ಹೊರಗಿನಿಂದ ನೆರವು ಬರಲಿಲ್ಲವೇ? ಬಂತು, ಸಾಲು ಸಾಲಾಗಿ ಬಂತು. ಹೀಗೆ ಬಿಡಿಬಿಡಿಯಾಗಿ ಬಂದದ್ದೇ ಮೂರನೇ ತಪ್ಪು, ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ದೊಡ್ಡದು. 19ರ ಬೆಳಗ್ಗೆ ನೌಕಾಪಡೆಯವರನ್ನು ಲಾರಿಗಳಲ್ಲಿ ತುಂಬಿ ದಕ್ಷಿಣದ ರಸ್ತೆಯಿಂದ ಕಳಿಸಿದರು. ತಿರುವಿನಲ್ಲಿ, ಮೇಲಿನಿಂದ ಗುಂಡು ಬಿದ್ದು ಲಾರಿಯಲ್ಲೇ ಅನೇಕರು ಸತ್ತರು. ಆ ಸಂಜೆ ಗ್ರೆನೇಡಿಯರ್ಸ್‌ನ ಕೇಂದ್ರ ಕಂಪನಿ ಮೇಜರ್ ಹಾಡ್ಕಿನ್ಸನ್ ಹಿಂದೆ ಬ್ಲ್ಯಾಕ್ಸ್ ಲಿಂಕ್ ದಾರಿಯಿಂದ ಬಂತು. ರಾತ್ರಿ ರಾಯಲ್ ಸ್ಕಾಟ್ಸ್ ಉತ್ತರದಿಂದ ಬಂದರು. ಕ್ಯಾಪ್ಟನ್ ಪಿಂಕರ್ಟನ್‌ನ ಕಂಪನಿ ಪೊಲೀಸ್ ದಿಬ್ಬದವರೆಗೂ ನುಗ್ಗಿ ಹಿಮ್ಮೆಟ್ಟಿತು. 21ರ ಬೆಳಗಿನ ಜಾವ ಗ್ರೆನೇಡಿಯರ್ಸ್‌ನ 'ಬಿ' ಕಂಪನಿ ಮೌಂಟ್ ನಿಕಲ್ಸನ್ ಏರಿತು. ಇದ್ದದ್ದು ನೂರರೊಳಗೆ ಜನ. ಅಧಿಕಾರಿಗಳೆಲ್ಲ ಸತ್ತರು ಅಥವಾ ಗಾಯಗೊಂಡರು, ಕಂಪನಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಕಳೆದುಕೊಂಡಿತು.

ಪ್ರತಿ ದಾಳಿಯೂ ಒಂದು ಕಂಪನಿಯದು, ಬೇರೆ ಬೇರೆ ಹೊತ್ತಿನದು. ಕೆಳಗಿನ ರಸ್ತೆಯಿಂದ ಮೇಲಿನ ಎತ್ತರಕ್ಕೆ, ಮುಂಚೆ ಫಿರಂಗಿಯ ಬೆಂಬಲ ಇಲ್ಲದೆ ಅಥವಾ ಹೊತ್ತಿಗೆ ಹೊಂದದೆ. ಜಪಾನೀಯರು ಒಂದನ್ನು ತಡೆದು, ಮಶೀನ್ ಗನ್ ತಿರುಗಿಸಿ, ಮುಂದಿನದಕ್ಕೆ ಕಾಯುತ್ತಿದ್ದರು. ಈ ನಾಲ್ಕೈದು ಕಂಪನಿಗಳನ್ನು ಒಂದೇ ಹೊತ್ತಿಗೆ ಎರಡು ಕಡೆಯಿಂದ ತಂದಿದ್ದರೆ ಘಾಟಿ ಮರಳುತ್ತಿತ್ತೇ? 19ರ ಮಧ್ಯಾಹ್ನದೊಳಗಾದರೆ ಹೌದು ಅನ್ನಬಹುದು, ಆಮೇಲೆ ಕಷ್ಟ. ಬ್ರಿಗೇಡಿಯರ್ ಸತ್ತ ಮೇಲೆ ಅವನ ಜಾಗಕ್ಕೆ ಕರ್ನಲ್ ರೋಸ್ ಬಂದದ್ದು ಮರುದಿನ. ಆ ನಡುವಿನ ಇಪ್ಪತ್ತನಾಲ್ಕು ಗಂಟೆ ಕಂಪನಿಗಳನ್ನು ಒಟ್ಟಿಗೆ ನಡೆಸುವವನೇ ಸ್ಥಳದಲ್ಲಿ ಇರಲಿಲ್ಲ. ಪೂರ್ವದಲ್ಲಿ ವಾಲಿಸ್ 19ರ ಬೆಳಗ್ಗೆಯೇ ತನ್ನ ಪಡೆಯನ್ನು ಸ್ಟ್ಯಾನ್ಲಿಯತ್ತ ಹಿಂದೆಳೆದುಕೊಂಡ. ಸಾವಧಾನವಾಗಿ ಒಟ್ಟುಗೂಡಿ ಮತ್ತೆ ಹೊಡೆಯೋಣ ಎಂಬುದು ಅವನ ಯೋಚನೆ. ಅವಸರದಲ್ಲಿ ಕೆಲವು ಫಿರಂಗಿಗಳು ಹಿಂದೆ ಉಳಿದವು. ಜಪಾನೀಯರು 20ಕ್ಕೆ ರಿಪಲ್ಸ್ ಬೇ ತಲುಪಿದರು. ಎರಡು ಬ್ರಿಗೇಡುಗಳು ಮತ್ತೆ ಸೇರಲೇ ಇಲ್ಲ.

22ರ ಬೆಳಗ್ಗೆ 'ಡಿ' ಕಂಪನಿಯಲ್ಲಿ ಗುಂಡಿಲ್ಲ, ಅನ್ನವಿಲ್ಲ, ನೀರಿಲ್ಲ. ಜಪಾನೀಯರು ಉಕ್ಕಿನ ಮುಚ್ಚಳಗಳನ್ನು ಸಿಡಿಸಿ ಒಳನುಗ್ಗಿದ್ದರು. ಶರಣಾದಾಗ ಒಳಗೆ ಸಿಕ್ಕವರು 37 ಗಾಯಾಳುಗಳು.

ಘಾಟಿಯ ಕಾಳಗದಲ್ಲಿ ತನ್ನ ಕಡೆ ಸುಮಾರು 800 ಜನ ಸತ್ತು ಗಾಯಗೊಂಡರೆಂದು ಶೋಜಿ ಹೇಳಿದ, ಅದಕ್ಕಾಗಿ ಡಿವಿಷನ್ನಿನ ಮುಖ್ಯಸ್ಥ ಸಾನೊನ ಬಳಿ ಕ್ಷಮೆ ಕೇಳಿದ. ಈ 800ನ್ನು ಪೂರ್ತಿ 'ಡಿ' ಕಂಪನಿಯ ಖಾತೆಗೆ ಬರೆಯುವ ಚಾಳಿಯಿದೆ. ಅದು ಸರಿಯಲ್ಲ. ಪಿಲ್‌ಬಾಕ್ಸಿನ ಯುರೇಷಿಯನ್ ಹುಡುಗರು, ಪ್ರತಿದಾಳಿಗೆ ಬಂದು ಸತ್ತ ಸ್ಕಾಟರು, ನಾರ್ತ್ ಪಾಯಿಂಟಿನ ಹೊಗೆಯಲ್ಲಿ ಶೋಜಿಯ ದೋಣಿಗಳನ್ನು ಮೊದಲು ಎದುರಿಸಿದ ರಜಪೂತರು, ಎಲ್ಲರೂ ಶೋಜಿಯ ಬಲವನ್ನು ಕರಗಿಸಿದವರೇ.

ಮೂರು ದಿನದಿಂದ ಆದ ಲಾಭ ಏನು ಅಂತ ಕೇಳಬಹುದು. ದ್ವೀಪ ಉಳಿಯಲಿಲ್ಲ. ಜಲಾಶಯಗಳು ಶತ್ರುವಿನ ಕೈಗೆ ಹೋಗಿ, ಶೆಲ್ಲಿಗೆ ಕೊಳವೆಗಳು ಒಡೆದು, ಹದಿನಾರು ಲಕ್ಷ ಜನರಿದ್ದ ನಗರದಲ್ಲಿ ನಲ್ಲಿಗಳು ಒಣಗಿದವು. ಕ್ರಿಸ್‌ಮಸ್ ದಿನ ಮಧ್ಯಾಹ್ನ ರಾಯಲ್ ರೈಫಲ್ಸ್‌ನ ಒಂದು ಕಂಪನಿಯನ್ನು ಸ್ಟ್ಯಾನ್ಲಿ ಹಳ್ಳಿಯ ಮೇಲೆ ಹಗಲು ಹೊತ್ತಿನಲ್ಲೇ ನುಗ್ಗಿಸಿದರು: 26 ಸಾವು, 75 ಗಾಯ. ಸಂಜೆಗೆ ಹಾಂಗ್‌ಕಾಂಗ್ ಶರಣಾಯಿತು. ವಾಲಿಸ್ ಮಾತ್ರ ಲಿಖಿತ ಆದೇಶ ಬರುವ ತನಕ ಒಪ್ಪದೆ 26ರ ನಸುಕಿನವರೆಗೆ ಹಿಡಿದುಕೊಂಡ. ಮೂರು ದಿನದ ತಡೆಯಿಂದ ಜಪಾನೀ ಫಿರಂಗಿ, ಮದ್ದು ದಕ್ಷಿಣಕ್ಕೆ ಸಾಗುವುದು ನಿಧಾನವಾಯಿತು. ಇದಕ್ಕಿಂತ ದೊಡ್ಡ ಫಲ ಹುಡುಕುವುದು ಬೇಡ.

ಭಾರತೀಯ ಸೈನಿಕರಿಗೆ ಯುದ್ಧ ಸೆರೆಯಲ್ಲೂ ಮುಗಿಯಲಿಲ್ಲ. ಅವರನ್ನು ಬ್ರಿಟಿಷರಿಂದ ಬೇರ್ಪಡಿಸಿ, ನಿಷ್ಠೆ ಬದಲಿಸಲು ಒತ್ತಾಯಿಸಿದರು. ರಜಪೂತ್ ಬೆಟಾಲಿಯನ್ನಿನ ಕ್ಯಾಪ್ಟನ್ ಮತೀನ್ ಅಹ್ಮದ್ ಅನ್ಸಾರಿ ಹೈದರಾಬಾದ್ ನಿಜಾಮರ ಬಂಧು. ಆಗ ನಮ್ಮ ಬೀದರ, ಕಲಬುರಗಿ, ರಾಯಚೂರುಗಳು ಆ ಸಂಸ್ಥಾನದಲ್ಲೇ ಇದ್ದವು. ಹಸಿವು, ಚಿತ್ರಹಿಂಸೆ ಯಾವುದಕ್ಕೂ ಬಗ್ಗದೆ, ಸೆರೆಯಾಳುಗಳು ತಪ್ಪಿಸಿಕೊಳ್ಳಲು ನೆರವಾಗುತ್ತಿದ್ದ. 1943ರ ಅಕ್ಟೋಬರ್ 29ರಂದು ಸ್ಟ್ಯಾನ್ಲಿಯಲ್ಲಿ ಮೂವತ್ತಕ್ಕೂ ಹೆಚ್ಚು ಜನರೊಂದಿಗೆ ಅವನನ್ನು ಕೊಂದರು. ಮರಣಾನಂತರ ಬ್ರಿಟನ್ನಿನ ಇನ್ನೊಂದು ದೊಡ್ಡ ಶೌರ್ಯ ಪದಕವಾದ ಜಾರ್ಜ್ ಕ್ರಾಸ್ ಬಂತು.

ಹಾಂಗ್‌ಕಾಂಗಿಗೆ ಹೋಗುವವರಿಗೆ ಒಂದು ಸೂಚನೆ. ಘಾಟಿಯಲ್ಲಿ ಈಗ ಹತ್ತು ಮಾಹಿತಿ ಫಲಕಗಳಿರುವ ಕಾಲ್ನಡಿಗೆ ಹಾದಿಯಿದೆ. ತಾಯ್ ಟಾಮ್ ಜಲಾಶಯದ ರಸ್ತೆಯ ಪಾರ್ಕ್‌ವ್ಯೂ ಕಟ್ಟಡಗಳ ಹತ್ತಿರದಿಂದ ಶುರು, ಸುಮಾರು ಮೂರು ಕಿಲೋಮೀಟರ್. ಮೆಟ್ಟಿಲು ಬಹಳ, ನೀರು ಒಯ್ಯಿರಿ. ಮೊದಲು ಜಾರ್ಡೀನ್ಸ್ ಲುಕ್‌ಔಟಿನ ಎರಡು ಪಿಲ್‌ಬಾಕ್ಸುಗಳ ಕಡೆ ಹೋಗಿ, ಒಂದರ ಕಿಂಡಿಯಿಂದ ನೋಡಿ, ಆಮೇಲೆ ಅದರ ಹಿಂದೆ ಹತ್ತಿ ನಿಂತು ನೋಡಿ. ಕುರುಡು ಜಾಗ ಅಂದರೆ ಏನು ಅಂತ ಅಲ್ಲೇ ಗೊತ್ತಾಗುತ್ತದೆ. ಕಾಲುವೆ ಪಕ್ಕದ ಹಾದಿ ಈಗಲೂ ಮಟ್ಟಸವಾಗಿದೆ. ಲಾಸನ್‌ನ ಕೋಣೆಗಳು ರಸ್ತೆಯ ಬದಿಯಲ್ಲಿ, ಗುಂಡಿನ ಗುರುತುಗಳ ಸಮೇತ ಉಳಿದಿವೆ. ಲಾಸನ್‌ನ ಸಮಾಧಿ ಸಾಯ್ ವಾನ್ ಯುದ್ಧ ಸ್ಮಶಾನದಲ್ಲಿದೆ. ಆಸ್ಬರ್ನ್‌ಗೆ ಸಮಾಧಿಯಿಲ್ಲ, ಅದೇ ಸ್ಮಶಾನದ ಬಾಗಿಲಲ್ಲಿರುವ ಸ್ಮಾರಕದ ಗೋಡೆಯ ಮೇಲೆ ಅವನ ಹೆಸರಿದೆ, ಮಣ್ಣು ಸಿಗದ ಎರಡು ಸಾವಿರ ಹೆಸರುಗಳ ನಡುವೆ.